ಚಾರ್ಲಿ ಪ್ರೈಡ್: ಫೋಟೊ ಇಲ್ಲದೆ ಬಂದ ಮೊದಲ ರೆಕಾರ್ಡ್, ಆಮೇಲಿನ ಐವತ್ತು ವರ್ಷ

ಹಳೇಕ್ಯಾಸೆಟ್

ಇಲ್ಲಿ ಕಂಟ್ರಿ ಮ್ಯೂಸಿಕ್ (ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಶೈಲಿ) ಮಾತು ಬಂದಾಗಲೆಲ್ಲ ಜಾನ್ ಡೆನ್ವರ್, ಜಾನಿ ಕ್ಯಾಶ್, ಡಾಲಿ ಪಾರ್ಟನ್ ಸುತ್ತಲೇ ಚರ್ಚೆ ತಿರುಗುತ್ತದೆ. ಈ ಸಲ ಅಮೆರಿಕದ ಕಪ್ಪು ಕಂಟ್ರಿ ಗಾಯಕ ಚಾರ್ಲಿ ಪ್ರೈಡ್ ಬಗ್ಗೆ ಮಾತಾಡೋಣ ಅಂತ ಶುರು ಮಾಡಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1934ರ ಮಾರ್ಚ್ 18ರಂದು, ಮಿಸಿಸಿಪಿ ರಾಜ್ಯದ ಸ್ಲೆಡ್ಜ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಮ್ಯಾಕ್ ಪ್ರೈಡ್ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಕಪ್ಪು ರೈತ. ಬೆಳೆ ಹತ್ತಿ. ಮನೆ ತುಂಬ ಹನ್ನೊಂದು ಮಕ್ಕಳು. ಮಗನಿಗೆ 'ಚಾರ್ಲ್' ಅಂತ ಹೆಸರಿಡಬೇಕು ಅಂದುಕೊಂಡಿದ್ದರಂತೆ, ಜನನ ಪತ್ರ ಬರೆದವರು 'ಚಾರ್ಲಿ' ಅಂತ ಬರೆದುಬಿಟ್ಟರು. ಮನೆಯಲ್ಲಿ ಒಂದು ಫಿಲ್ಕೊ ರೇಡಿಯೋ ಇತ್ತು. ಅದರ ತಿರುಗಣೆ ಅಪ್ಪನ ಕೈಯಲ್ಲಿ. ಶನಿವಾರ ರಾತ್ರಿ ಅವರು ಹಾಕುತ್ತಿದ್ದದ್ದು ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ಊರಿನಿಂದ ಬರುತ್ತಿದ್ದ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ಹಾಡಿನ ಕಾರ್ಯಕ್ರಮ. ಹಾಗಾಗಿ ಹುಡುಗ ಬೆಳೆದದ್ದೇ ಹ್ಯಾಂಕ್ ವಿಲಿಯಮ್ಸ್, ಅರ್ನೆಸ್ಟ್ ಟಬ್, ರಾಯ್ ಎಕಫ್ ಹಾಡುಗಳ ಜೊತೆ. 14ನೇ ವಯಸ್ಸಿನಲ್ಲಿ ಸಿಯರ್ಸ್ ಕಂಪನಿಯ ಗಿಟಾರ್ ಕೊಂಡರು. ನುಡಿಸಲು ತಾವಾಗಿಯೇ ಕಲಿತರು.

1965ರಲ್ಲಿ ಆರ್‌ಸಿಎ ಎಂಬ ರೆಕಾರ್ಡ್ ಕಂಪನಿ ಅವರನ್ನು ತೆಗೆದುಕೊಂಡಿತು. 1966ರ ಆರಂಭದಲ್ಲಿ ಮೊದಲ ಹಾಡು ಹೊರಬಂತು. ಲೇಬಲ್ ಮೇಲೆ 'ಕಂಟ್ರಿ ಚಾರ್ಲಿ ಪ್ರೈಡ್' ಅಂತಿತ್ತು. ರೇಡಿಯೋ ಸ್ಟೇಷನ್‌ಗಳಿಗೆ ರೆಕಾರ್ಡ್ ಕಳಿಸುವಾಗ ಗಾಯಕರ ಫೋಟೊ ಕೂಡ ಕಳಿಸುವುದು ಆಗಿನ ಪದ್ಧತಿ. ಚಾರ್ಲಿಯ ಫೋಟೊ ಮಾತ್ರ ಕಳಿಸಲಿಲ್ಲ. ಬಿಳಿಯರ ಸಂಗೀತ ಅಂತ ಎಲ್ಲರೂ ನಂಬಿದ್ದ ಕಡೆ ಒಬ್ಬ ಕಪ್ಪು ಗಾಯಕ ಹಾಡಿದ್ದಾನೆ ಅಂತ ಗೊತ್ತಾದರೆ ರೆಕಾರ್ಡ್ ತಿರುಗಿಸುವುದೇ ಇಲ್ಲ ಅನ್ನೋ ಭಯ.

ಕಂಪನಿ ಮಾಡಿದ್ದು ಸರಿಯಾ? ಚಾರ್ಲಿ ಒಪ್ಪಿಕೊಂಡದ್ದು ಸರಿಯಾ? ನಿಮ್ಮ ಅಭಿಪ್ರಾಯ ಹೇಳಿ.

ಬೌಂಡರಿಗೆರೆ

ಅಣ್ಣ, ಒಳ್ಳೇ ವಿಷಯ. ಆದರೆ ಮುಖ್ಯವಾದದ್ದನ್ನೇ ಹಾರಿಸಿಬಿಟ್ಟಿರಿ. 14ನೇ ವಯಸ್ಸಿಗೆ ಗಿಟಾರ್, 1965ಕ್ಕೆ ಆರ್‌ಸಿಎ. ನಡುವಿನ ಹದಿನೇಳು ವರ್ಷ ಎಲ್ಲಿ ಹೋಯಿತು? ಬೇಸ್‌ಬಾಲ್!

ಗಾಯಕ ಆಗಬೇಕು ಅಂತ ಆತ ಊರು ಬಿಟ್ಟದ್ದಲ್ಲ. 1947ರಲ್ಲಿ ಜ್ಯಾಕಿ ರಾಬಿನ್‌ಸನ್ ಅನ್ನೋ ಕಪ್ಪು ಆಟಗಾರ ಬಿಳಿಯರದೇ ಆಗಿದ್ದ ದೊಡ್ಡ ಲೀಗ್‌ಗೆ ಕಾಲಿಟ್ಟದ್ದನ್ನು ನೋಡಿ, ಹತ್ತಿ ಹೊಲದಿಂದ ಹೊರಗೆ ಹೋಗಲು ಒಂದು ದಾರಿ ಇದೆ ಅಂತ ಅನ್ನಿಸಿತು. ಆಗ ಕಪ್ಪು ಆಟಗಾರರಿಗೆ ಬೇರೆಯೇ ಲೀಗ್‌ಗಳಿದ್ದವು. 1952ರಲ್ಲಿ ಮೆಂಫಿಸ್ ರೆಡ್ ಸಾಕ್ಸ್ ತಂಡಕ್ಕೆ ಪಿಚರ್ (ಚೆಂಡು ಎಸೆಯುವವ) ಆಗಿ ಸೇರಿದ. ಮರುವರ್ಷ ನ್ಯೂಯಾರ್ಕ್ ಯಾಂಕೀಸ್‌ನವರ ಕೆಳಹಂತದ ತಂಡವೊಂದು ಕರೆಯಿತು. ಅಲ್ಲಿ ಪೆಟ್ಟಾಗಿ ಎಸೆತದ ವೇಗ ಹೋಯಿತು. ಆಮೇಲೆ ತಂಡದಿಂದ ತಂಡಕ್ಕೆ ಅಲೆದಾಟ.

ನನಗೆ ತುಂಬ ಇಷ್ಟವಾದ ಕಥೆ ಇದು: ಲೂಯಿವಿಲ್ ಕ್ಲಿಪರ್ಸ್ ತಂಡದವರು ಚಾರ್ಲಿಯನ್ನೂ ಜೆಸ್ಸಿ ಮಿಚೆಲ್ ಅನ್ನೋ ಇನ್ನೊಬ್ಬನನ್ನೂ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್‌ಗೆ ಕೊಟ್ಟುಬಿಟ್ಟರು. ಬದಲಿಗೆ ಬಂದದ್ದೇನು? ಒಂದು ಬಸ್ಸು. ಅದೂ ಸೆಕೆಂಡ್ ಹ್ಯಾಂಡ್. ಹಳೇ ಗಾಡಿಗೆ ವಿನಿಮಯವಾದ ಆಟಗಾರರು ನಾವಿಬ್ಬರೇ ಇರಬೇಕು ಅಂತ ಮುಂದೆ ಆತನೇ ನಗಾಡುತ್ತಿದ್ದ.

1956ರಲ್ಲಿ ಮದುವೆ, ಅದೇ ವರ್ಷ ಸೈನ್ಯಕ್ಕೆ ಕಡ್ಡಾಯ ಭರ್ತಿ. ಹೆಂಡತಿ ರೋಜೀನ್ ಮೆಂಫಿಸ್‌ನಲ್ಲಿ ಸಿಕ್ಕವಳು. ಸೈನ್ಯದಿಂದ ಬಂದ ಮೇಲೂ ಬೇಸ್‌ಬಾಲ್ ಹುಚ್ಚು ಬಿಡಲಿಲ್ಲ. 1960ರಲ್ಲಿ ಮೊಂಟಾನಾಗೆ ಹೋದ. ಅಲ್ಲಿ ಈಸ್ಟ್ ಹೆಲೆನಾ ಅನ್ನೋ ಊರಲ್ಲಿ ಸೀಸ ಕರಗಿಸುವ ಕಾರ್ಖಾನೆ. ಕೆಲಸ ಕುಲುಮೆಯ ಹತ್ತಿರ. ಕಾರ್ಖಾನೆಗೆ ಒಂದು ಬೇಸ್‌ಬಾಲ್ ತಂಡ. ಈ ಪಿಚರ್ ಚೆನ್ನಾಗಿ ಹಾಡುತ್ತಾನೆ ಅಂತ ಮ್ಯಾನೇಜರಿಗೆ ಗೊತ್ತಾಗಿ, ಆಟಕ್ಕೆ ಮುಂಚೆ ಹದಿನೈದು ನಿಮಿಷ ಹಾಡಿಸತೊಡಗಿದರು. ಆಟಕ್ಕೆ 10 ಡಾಲರ್, ಹಾಡಿಗೆ ಇನ್ನೊಂದು 10 ಡಾಲರ್. ಹಾಡು ಕೇಳೋಕೆ ಜನ ಜಾಸ್ತಿ ಬಂದರು. ಕಂಟ್ರಿ ಸಂಗೀತಕ್ಕೆ ಒಬ್ಬ ತಾರೆ ಸಿಕ್ಕಿದ್ದು ಹೀಗೆ, ಟಿಕೆಟ್ ಮಾರುವ ಉಪಾಯದಿಂದ.

ಸಂಪಿಗೆಮರ

ಬೌಂಡರಿಗೆರೆ ಅವರ ಬಸ್ಸಿನ ಕಥೆ ಓದಿ ನಕ್ಕೆ. ಆದರೆ ಹಳೇಕ್ಯಾಸೆಟ್ ಕೇಳಿದ ಪ್ರಶ್ನೆಗೆ ಬರೋಣ.

ಫೋಟೊ ಬಚ್ಚಿಟ್ಟದ್ದನ್ನು ಎಲ್ಲರೂ ಜಾಣತನ ಅಂತ ಹೊಗಳುತ್ತಾರೆ. ನನಗೆ ಅದು ಜಾಣತನ ಅನ್ನಿಸಲ್ಲ, ಅವಮಾನ ಅನ್ನಿಸುತ್ತದೆ. 'ನಿನ್ನ ದನಿ ಬೇಕು, ನಿನ್ನ ಮುಖ ಬೇಡ' ಅಂದ ಹಾಗಲ್ವಾ? ಅದೂ 1966ರಲ್ಲಿ. ಸಾರ್ವಜನಿಕ ಜಾಗಗಳಲ್ಲಿ ಬಣ್ಣದ ಭೇದ ಮಾಡಬಾರದು ಅನ್ನೋ ಕಾನೂನು 1964ರಲ್ಲಿ ಬಂದಿತ್ತು. ಮತದಾನದ ಹಕ್ಕಿನ ಕಾನೂನು 1965ರಲ್ಲಿ. ಹೊರಗೆ ಜನ ರಸ್ತೆಗಿಳಿದು ಹೊಡೆತ ತಿಂದು ಹಕ್ಕು ಪಡೆಯುತ್ತಿದ್ದರು. ಇತ್ತ ನ್ಯಾಶ್‌ವಿಲ್‌ನಲ್ಲಿ ಒಂದು ಕಂಪನಿ ತನ್ನದೇ ಗಾಯಕನನ್ನು ಅಡಗಿಸಿಡುತ್ತಿತ್ತು.

ಇನ್ನೊಂದು ಮಾತು. ಚಾರ್ಲಿ ಪ್ರೈಡ್ ಬಣ್ಣದ ವಿಷಯದಲ್ಲಿ ಜೀವನಪೂರ್ತಿ ನಯವಾಗಿ ಜಾರಿಕೊಂಡರು. ಕೇಳಿದಾಗಲೆಲ್ಲ 'ನಾನು ನಾನೇ' ಅನ್ನೋ ಥರದ ಉತ್ತರ. ಅವರ ಎತ್ತರಕ್ಕೆ ಏರಿದವರು ಇನ್ನೂ ಸ್ವಲ್ಪ ಗಟ್ಟಿಯಾಗಿ ಮಾತಾಡಬಹುದಿತ್ತು.

ಹಳೇಕ್ಯಾಸೆಟ್

ಸಂಪಿಗೆ ಮೇಡಂ, ಅವಮಾನ ಅನ್ನೋದನ್ನು ಒಪ್ಪುತ್ತೇನೆ. ಆದರೆ ಅಡಗಿಸಿಟ್ಟದ್ದು ಎಷ್ಟು ದಿನ ನಡೆಯಿತು ನೋಡಿ. ವೇದಿಕೆ ಹತ್ತಲೇಬೇಕಲ್ಲ?

1966ರಲ್ಲಿ ಡೆಟ್ರಾಯಿಟ್‌ನಲ್ಲಿ ಮೊದಲ ದೊಡ್ಡ ಕಾರ್ಯಕ್ರಮ. ಒಲಿಂಪಿಯಾ ಕ್ರೀಡಾಂಗಣ, ಸುಮಾರು ಹತ್ತು ಸಾವಿರ ಜನ, ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ನಿರೂಪಕ ಹೆಸರು ಕೂಗಿದ. ರೇಡಿಯೋದಲ್ಲಿ ಕೇಳಿ ಮೆಚ್ಚಿದ್ದ ಜನ ಜೋರಾಗಿ ಚಪ್ಪಾಳೆ ಹೊಡೆದರು. ಚಾರ್ಲಿ ಬೆಳಕಿಗೆ ಬಂದರು. ಚಪ್ಪಾಳೆ ಅರ್ಧಕ್ಕೆ ನಿಂತುಹೋಯಿತು.

ಆಗ ಅವರು ಮೈಕ್ ಹಿಡಿದು ಹೇಳಿದ್ದರ ಸಾರ ಇಷ್ಟು: ಈ ಥರ 'ಶಾಶ್ವತವಾಗಿ ಬಿಸಿಲಿಗೆ ಕಂದಿದ ಮೈ' ಹೊತ್ತುಕೊಂಡು ಕಂಟ್ರಿ ಕಾರ್ಯಕ್ರಮಕ್ಕೆ ಬಂದಿರೋದು ನಿಮಗೆ ವಿಚಿತ್ರ ಅನ್ನಿಸುತ್ತಿದೆ ಅಂತ ನನಗೂ ಗೊತ್ತು. ಜನ ನಕ್ಕರು, ಮತ್ತೆ ಚಪ್ಪಾಳೆ ಬಿತ್ತು. ಹಾಡಿದರು. ಮುಗಿದ ಮೇಲೆ ಹಸ್ತಾಕ್ಷರಕ್ಕೆ ಮುತ್ತಿಕೊಂಡರು.

ಆ ಜೋಕನ್ನು ಮುಂದೆ ಎಷ್ಟೋ ವೇದಿಕೆಯಲ್ಲಿ ಹೇಳಿದರು. ಬಣ್ಣದ ಬಗ್ಗೆ ಮಾತೇ ಆಡಲಿಲ್ಲ ಅನ್ನೋದು ಪೂರ್ತಿ ನಿಜವಲ್ಲ. ಬಾಯಿ ತೆರೆದ ತಕ್ಷಣ ಮೊದಲು ಆಡಿದ್ದೇ ಅದನ್ನ.

ಸಂಪಿಗೆಮರ

ಹೌದು, ಆದರೆ ಯಾರಿಗೋಸ್ಕರ ಆಡಿದ್ದು? ಎದುರಿಗಿದ್ದ ಹತ್ತು ಸಾವಿರ ಜನರ ಮುಜುಗರ ಕಳೆಯೋದಕ್ಕೆ. ತಪ್ಪು ಅವರದು, ಸಮಾಧಾನ ಮಾಡೋ ಕೆಲಸ ಇವರದು. ಜೊತೆಯಲ್ಲಿ ಹಾಡುತ್ತಿದ್ದ ಬಿಳಿ ಗಾಯಕರಲ್ಲಿ ಯಾರಿಗೂ ಈ ಕೆಲಸ ಇರಲಿಲ್ಲ.

ತಂತಿನಾದ

ನೀವಿಬ್ಬರೂ ಹಾಡಿನ ಬಗ್ಗೆ ಏನೂ ಹೇಳುತ್ತಿಲ್ಲ, ಅದಕ್ಕೇ ನಡುವೆ ಬಾಯಿ ಹಾಕುತ್ತಿದ್ದೇನೆ.

ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಆಗ ಆರ್‌ಸಿಎಯ ನ್ಯಾಶ್‌ವಿಲ್ ಕಚೇರಿ ನೋಡಿಕೊಳ್ಳುತ್ತಿದ್ದವರು. ಚಾರ್ಲಿಯ ಹಾಡಿನ ಟೇಪ್ ಮಾಡಿಕೊಟ್ಟದ್ದು ನಿರ್ಮಾಪಕ ಜ್ಯಾಕ್ ಕ್ಲೆಮೆಂಟ್. ಆಟ್ಕಿನ್ಸ್ ಅದನ್ನು ಕಂಪನಿಯ ದೊಡ್ಡವರ ಮುಂದೆ ಹಾಕಿದಾಗ ಹಾಡಿದ್ದು ಯಾರು ಅಂತ ಮೊದಲು ಹೇಳಲಿಲ್ಲ. ಅವರೆಲ್ಲ ಚೆನ್ನಾಗಿದೆ ಅಂದ ಮೇಲೆ ವಿಷಯ ಬಾಯಿಬಿಟ್ಟರು. ಅಂದರೆ ಫೋಟೊ ಆಟ ರೇಡಿಯೋದವರ ಜೊತೆ ಆಡುವ ಮೊದಲೇ ಕಂಪನಿಯ ಒಳಗೇ ಆಡಿ ಆಗಿತ್ತು!

ದನಿ ಕೇಳಿ. ಎದೆಯಿಂದ ಬರುವ ದಪ್ಪ ದನಿ, ಆದರೆ ಎಲ್ಲೂ ಒತ್ತಿಲ್ಲ. ಹ್ಯಾಂಕ್ ವಿಲಿಯಮ್ಸ್ ದನಿಯಲ್ಲಿ ಒಂದು ಬಿರುಕಿದೆ, ಚಾರ್ಲಿಯಲ್ಲಿ ಅದಿಲ್ಲ. ಪದ ಸ್ವಚ್ಛವಾಗಿ ಕೇಳಿಸುತ್ತದೆ. ಹಿಂದೆ ಸ್ಟೀಲ್ ಗಿಟಾರ್, ಪಿಟೀಲು, ಅಷ್ಟೇ. 1960ರ ದಶಕದಲ್ಲಿ ನ್ಯಾಶ್‌ವಿಲ್‌ನವರು ಪಾಪ್ ಕೇಳುಗರನ್ನು ಸೆಳೆಯಲು ಪಿಟೀಲುಗಳ ದೊಡ್ಡ ಗುಂಪು, ಹಿಮ್ಮೇಳದ ಕೋರಸ್ ಎಲ್ಲ ಸುರಿಯುತ್ತಿದ್ದರು. ಚಾರ್ಲಿಯ ಮೊದಲ ರೆಕಾರ್ಡ್‌ಗಳಲ್ಲಿ ಆ ಸಿಹಿ ಕಡಿಮೆ. ಬಿಳಿ ಗಾಯಕರಲ್ಲಿ ಎಷ್ಟೋ ಜನರಿಗಿಂತ ಈತ ಹೆಚ್ಚು ಹಳೇ ಕಂಟ್ರಿ. ಅಪ್ಪನ ಫಿಲ್ಕೊ ರೇಡಿಯೋದ ಫಲ.

'ಬಿಳಿಯರ ಸಂಗೀತ' ಅನ್ನೋ ಮಾತೂ ಅರ್ಧ ಸುಳ್ಳು. ಬ್ಯಾಂಜೋ ಆಫ್ರಿಕಾದಿಂದ ಬಂದ ಗುಲಾಮರ ಕೈಯಲ್ಲಿ ಹುಟ್ಟಿದ ವಾದ್ಯ. ಹ್ಯಾಂಕ್ ವಿಲಿಯಮ್ಸ್‌ಗೆ ಚಿಕ್ಕಂದಿನಲ್ಲಿ ಗಿಟಾರ್ ಕಲಿಸಿದ್ದು 'ಟೀ ಟಾಟ್' ಅಂತ ಕರೆಯುತ್ತಿದ್ದ ರೂಫಸ್ ಪೇನ್, ಬೀದಿಯಲ್ಲಿ ಹಾಡುತ್ತಿದ್ದ ಕಪ್ಪು ಕಲಾವಿದ. ಕಂಟ್ರಿಯ ಮೊದಮೊದಲ ಹಾಡುಗಾರರ ತಂಡ ಕಾರ್ಟರ್ ಫ್ಯಾಮಿಲಿಯವರು ಬೆಟ್ಟದ ಊರುಗಳಲ್ಲಿ ಹಾಡು ಸಂಗ್ರಹಿಸುವಾಗ ಜೊತೆಗಿದ್ದು ಮಟ್ಟುಗಳನ್ನು ನೆನಪಿಟ್ಟುಕೊಂಡದ್ದು ಲೆಸ್ಲಿ ರಿಡಲ್ ಅನ್ನೋ ಕಪ್ಪು ಗಿಟಾರ್ ವಾದಕ. ಹಾಗಿರುವಾಗ ಚಾರ್ಲಿ ಬೇರೆಯವರ ಮನೆಗೆ ಹೋದದ್ದಲ್ಲ, ತನ್ನ ಮನೆಗೇ ವಾಪಸ್ ಬಂದದ್ದು. ಬಾಗಿಲು ಹಾಕಿಕೊಂಡಿದ್ದವರು ಒಳಗಿನವರು.

ಬೌಂಡರಿಗೆರೆ

ತಂತಿನಾದ, ಆಪ್ರಿಯಲ್ಲಿ ಮೌತ್ ಆರ್ಗನ್ ನುಡಿಸುತ್ತಿದ್ದವರೂ ಒಬ್ಬರಿದ್ದರಲ್ಲ?

ತಂತಿನಾದ

ಡಿಫೋರ್ಡ್ ಬೇಲಿ. ಗ್ರ್ಯಾಂಡ್ ಓಲ್ ಆಪ್ರಿಗೆ ಆ ಹೆಸರು ಬಂದ 1927ರ ಆ ರಾತ್ರಿ ನುಡಿಸಿದ್ದೇ ಅವರು. ರೈಲಿನ ಸದ್ದನ್ನು ಮೌತ್ ಆರ್ಗನ್‌ನಲ್ಲಿ ಎಬ್ಬಿಸುತ್ತಿದ್ದರು. ಜನಪ್ರಿಯತೆಗೆ ಕೊರತೆ ಇರಲಿಲ್ಲ. ಆದರೆ ಊರೂರು ಸುತ್ತುವಾಗ ಬಿಳಿ ಕಲಾವಿದರು ಉಳಿಯುವ ಹೋಟೆಲ್‌ನಲ್ಲಿ ಇವರಿಗೆ ಜಾಗ ಸಿಗುತ್ತಿರಲಿಲ್ಲ. 1941ರಲ್ಲಿ ಆಪ್ರಿಯವರು ಕೆಲಸದಿಂದ ತೆಗೆದರು. ಆಮೇಲೆ ನ್ಯಾಶ್‌ವಿಲ್‌ನಲ್ಲೇ ಶೂ ಪಾಲಿಶ್ ಅಂಗಡಿ ನಡೆಸಿ ಬದುಕಿದರು. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ (ದೊಡ್ಡ ಕಲಾವಿದರ ಗೌರವ ಪಟ್ಟಿಗೆ) ಸೇರಿಸಿದ್ದು 2005ರಲ್ಲಿ, ಅವರು ತೀರಿಹೋಗಿ ಎರಡು ದಶಕ ಕಳೆದ ಮೇಲೆ.

ಬೇಲಿ ಆದ ಮೇಲೆ ಆಪ್ರಿಯ ಸದಸ್ಯರಾದ ಮುಂದಿನ ಕಪ್ಪು ಕಲಾವಿದ ಚಾರ್ಲಿ ಪ್ರೈಡ್. ಯಾವಾಗ? 1993ರಲ್ಲಿ. ಮೊದಲ ಸಲ ಅಲ್ಲಿ ಹಾಡಿದ್ದು 1967ರ ಜನವರಿಯಲ್ಲಿ. ಆವತ್ತು ಪರಿಚಯ ಮಾಡಿಕೊಟ್ಟವರು ಅರ್ನೆಸ್ಟ್ ಟಬ್, ಬಾಲ್ಯದಲ್ಲಿ ರೇಡಿಯೋದಲ್ಲಿ ಕೇಳಿದ ಅದೇ ಟಬ್.

ಡಲ್ಲಾಸ್‌ಕನ್ನಡಿಗ

ನಾನಿರುವ ಊರಿನ ಮನುಷ್ಯ, ಹಾಗಾಗಿ ಎರಡು ಮಾತು. ಕಂಟ್ರಿ ತಾರೆಯರೆಲ್ಲ ನ್ಯಾಶ್‌ವಿಲ್‌ನಲ್ಲಿ ಮನೆ ಮಾಡುತ್ತಾರೆ. ಪ್ರೈಡ್ ದಂಪತಿ 1969ರಲ್ಲಿ ಡಲ್ಲಾಸ್‌ಗೆ ಬಂದು ಕೊನೆಯವರೆಗೂ ಇಲ್ಲೇ ಇದ್ದರು. ದುಡ್ಡಿನ ವಿಷಯದಲ್ಲಿ ಬಹಳ ಜಾಗರೂಕ ಮನುಷ್ಯ. ಚಾರ್ಡನ್ ಅಂತ ಒಂದು ಸಂಸ್ಥೆಯಲ್ಲಿ ಪಾಲುದಾರರಾಗಿ ಬೇರೆ ಗಾಯಕರನ್ನು ಮೇಲಕ್ಕೆ ತಂದರು. ಜೇನಿ ಫ್ರಿಕ್ಕಿ, ನೀಲ್ ಮೆಕಾಯ್ ಎಲ್ಲ ಅಲ್ಲಿಂದ ಬಂದವರು. ಅಂಧ ಗಾಯಕ ರಾನಿ ಮಿಲ್ಸ್ಯಾಪ್‌ಗೆ 'ನೀನು ನ್ಯಾಶ್‌ವಿಲ್‌ಗೆ ಹೋಗು, ಕಂಟ್ರಿ ಹಾಡು' ಅಂತ ಒತ್ತಾಯ ಮಾಡಿದವರೂ ಇವರೇ.

ಬೌಂಡರಿಗೆರೆಗೆ ಒಂದು ಖುಷಿ ಸುದ್ದಿ: ಬೇಸ್‌ಬಾಲ್ ಅವರನ್ನು ಕೈಬಿಡಲಿಲ್ಲ. ಪ್ರತಿವರ್ಷ ಟೆಕ್ಸಸ್ ರೇಂಜರ್ಸ್ ತಂಡದ ತರಬೇತಿ ಶಿಬಿರಕ್ಕೆ ಹೋಗಿ ಹುಡುಗರ ಜೊತೆ ಅಭ್ಯಾಸ ಮಾಡುತ್ತಿದ್ದರು, ಆಮೇಲೆ ಅವರಿಗೆ ಹಾಡುತ್ತಿದ್ದರು. 2010ರಲ್ಲಿ ಆ ತಂಡದ ಮಾಲೀಕರ ಗುಂಪಿನಲ್ಲಿ ಅವರೂ ಒಬ್ಬರು.

ಬೌಂಡರಿಗೆರೆ

ಬಸ್ಸಿಗೆ ಮಾರಾಟವಾದವನು ತಂಡಕ್ಕೇ ಮಾಲೀಕ! ಇದು ಬೇಕಿತ್ತು ನನಗೆ.

ಕಡಲಾಚೆ

ಐರ್ಲೆಂಡಿನಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ವಯಸ್ಸಾದವರ ಹತ್ತಿರ ಚಾರ್ಲಿ ಪ್ರೈಡ್ ಅಂದು ನೋಡಿ, ಮುಖ ಅರಳುತ್ತದೆ. 'ಕ್ರಿಸ್ಟಲ್ ಶಾಂಡಲಿಯರ್ಸ್' ಅಂತ ಒಂದು ಹಾಡು. ಅಮೆರಿಕದಲ್ಲಿ ಅದನ್ನು ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಆಗಿ ಬಿಡುಗಡೆಯನ್ನೇ ಮಾಡಿರಲಿಲ್ಲ. ಇಲ್ಲಿ ಮಾತ್ರ ಮದುವೆ, ಪಬ್ಬು, ಹುಟ್ಟುಹಬ್ಬ ಎಲ್ಲ ಕಡೆ ಅದೇ.

ಕಾರಣ ಇದೆ. 1970ರ ದಶಕದಲ್ಲಿ ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಬಣಗಳ ನಡುವೆ ದಿನಾ ಬಾಂಬು, ಗುಂಡು. 1975ರ ಜುಲೈನಲ್ಲಿ ಮಯಾಮಿ ಶೋಬ್ಯಾಂಡ್ ಅನ್ನೋ ಜನಪ್ರಿಯ ತಂಡದ ವ್ಯಾನನ್ನು ರಾತ್ರಿ ರಸ್ತೆಯಲ್ಲಿ ತಡೆದು ಮೂವರು ಕಲಾವಿದರನ್ನು ಕೊಂದರು. ಆಮೇಲೆ ಹೊರಗಿನ ಕಲಾವಿದರು ಬೆಲ್‌ಫಾಸ್ಟ್ ಹೆಸರು ಕೇಳಿದರೆ ಬರುತ್ತಿರಲಿಲ್ಲ. ಆಯೋಜಕ ಜಿಮ್ ಏಕನ್ ಅಮೆರಿಕಕ್ಕೆ ಹೋಗಿ ಚಾರ್ಲಿಯನ್ನು ಒಪ್ಪಿಸಿದರು. 1976ರ ನವೆಂಬರ್‌ನಲ್ಲಿ ರಿಟ್ಜ್ ಚಿತ್ರಮಂದಿರದಲ್ಲಿ ಹಾಡಿದರು. ಎರಡೂ ಕಡೆಯ ಜನ ಒಂದೇ ಸೂರಿನಡಿ ಕೂತು ಕೇಳಿದರು. ಅದಾದ ಮೇಲೆ ಬೇರೆ ಕಲಾವಿದರೂ ಧೈರ್ಯ ಮಾಡಿ ಬರತೊಡಗಿದರು.

ಸಂಪಿಗೆ ಅಕ್ಕಾ, ನೀವು ಹೇಳಿದ್ದು ಸುಳ್ಳಲ್ಲ. ಆದರೆ ಗಟ್ಟಿಯಾಗಿ ಮಾತಾಡೋರೂ ಬೆಲ್‌ಫಾಸ್ಟ್‌ಗೆ ಬರದೇ ಇದ್ದ ವರ್ಷ ಈ ಮನುಷ್ಯ ಬಂದರು. ಭಾಷಣ ಮಾಡಲಿಲ್ಲ, ಹಾಡಿ ಹೋದರು.

ಸಂಪಿಗೆಮರ

ಇದು ನನಗೆ ಗೊತ್ತಿರಲಿಲ್ಲ, ಬರೆದದ್ದಕ್ಕೆ ಥ್ಯಾಂಕ್ಸ್. ನನ್ನ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳುತ್ತೇನೆ. ಇವರಿಂದ ಬೇರೆಯವರಿಗೆ ಬಾಗಿಲು ತೆರೆಯಿತಾ?

ಲೆಕ್ಕ ನೋಡಿ. ಕಂಟ್ರಿ ಹಿಟ್ ಹಾಡುಗಳ ಪಟ್ಟಿಯಲ್ಲಿ ಚಾರ್ಲಿಗೆ ಮೊದಲ ನಂಬರ್ ಒನ್ ಬಂದದ್ದು 1969ರಲ್ಲಿ. ಅದಕ್ಕೂ ಮುಂಚೆ ಕಂಟ್ರಿ ಪಟ್ಟಿಯ ತುದಿಗೆ ಏರಿದ್ದ ಕಪ್ಪು ಗಾಯಕ ಲೂಯಿ ಜೋರ್ಡಾನ್, 1944ರಲ್ಲಿ. ಆಮೇಲೆ ಚಾರ್ಲಿ ಒಬ್ಬರೇ 29 ಸಲ ತುದಿಗೇರಿದರು. ಕೊನೆಯದು 1983ರಲ್ಲಿ. ಅವರ ನಂತರ ಏಕವ್ಯಕ್ತಿ ಗಾಯಕರಾಗಿ ಅಲ್ಲಿಗೆ ಮುಟ್ಟಿದ ಕಪ್ಪು ಕಲಾವಿದ ಡೇರಿಯಸ್ ರಕರ್, 2008ರಲ್ಲಿ. ಇಪ್ಪತ್ತೈದು ವರ್ಷ! ಕಪ್ಪು ಮಹಿಳೆಯೊಬ್ಬರು ಆ ಪಟ್ಟಿಯ ತುದಿ ಮುಟ್ಟಲು 2024 ಆಗಬೇಕಾಯಿತು, ಅದೂ ಬಿಯಾನ್ಸೆಯಂಥ ಹೆಸರಿಗೆ. 1969ರಲ್ಲೇ ಆಪ್ರಿ ವೇದಿಕೆ ಹತ್ತಿದ್ದ ಲಿಂಡಾ ಮಾರ್ಟೆಲ್ ಒಂದೇ ಆಲ್ಬಮ್ ಮಾಡಿ ಮರೆಯಾದರು.

ನ್ಯಾಶ್‌ವಿಲ್ ಒಬ್ಬರನ್ನು ಒಳಗೆ ಬಿಟ್ಟು, 'ನೋಡಿ, ನಮ್ಮಲ್ಲಿ ಭೇದ ಇಲ್ಲ' ಅಂತ ಅವರನ್ನೇ ತೋರಿಸುತ್ತಾ ಕೂತಿತು. ಈಗ ನನ್ನ ಸಿಟ್ಟು ಚಾರ್ಲಿ ಮೇಲೆ ಕಡಿಮೆ, ಆ ಊರಿನ ಮೇಲೆ ಜಾಸ್ತಿ.

ಹಳೇಕ್ಯಾಸೆಟ್

ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ.

1971ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಅವರಿಗೆ ವರ್ಷದ ಅತ್ಯುತ್ತಮ ಕಲಾವಿದ ಪ್ರಶಸ್ತಿ ಕೊಟ್ಟಿತು. 1971, 1972 ಎರಡೂ ವರ್ಷ ಅತ್ಯುತ್ತಮ ಗಾಯಕ. 1971ರಲ್ಲೇ 'ಕಿಸ್ ಆ್ಯನ್ ಏಂಜೆಲ್ ಗುಡ್ ಮಾರ್ನಿನ್' ಐದು ವಾರ ಕಂಟ್ರಿ ಪಟ್ಟಿಯ ತುದಿಯಲ್ಲಿತ್ತು, ಬರೆದವರು ಬೆನ್ ಪೀಟರ್ಸ್. 1974ರಲ್ಲಿ ಹ್ಯೂಸ್ಟನ್‌ನಲ್ಲಿ ಸೂಪರ್ ಬೌಲ್‌ಗೆ (ಅಮೆರಿಕನ್ ಫುಟ್‌ಬಾಲ್ ಫೈನಲ್‌ಗೆ) ಮುಂಚೆ ರಾಷ್ಟ್ರಗೀತೆ ಹಾಡಿದರು. ಆರ್‌ಸಿಎಗೆ ಎಲ್ವಿಸ್ ಬಿಟ್ಟರೆ ಇಷ್ಟು ಮಾರಾಟ ತಂದವರು ಅಪರೂಪ. ಆದರೂ 1980ರ ದಶಕದಲ್ಲಿ ಅದೇ ಕಂಪನಿ ಹೊಸ ಹುಡುಗರ ಹಿಂದೆ ಬಿದ್ದಿತು, ಚಾರ್ಲಿ ಬೇಸರದಿಂದ ಹೊರಬಂದರು.

ತಂತಿನಾದ

ಯಾರೂ ಎತ್ತದ ಒಂದು ವಿಷಯ. 1994ರ ಆತ್ಮಕಥೆಯಲ್ಲಿ ಅವರು ತಮಗೆ ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಖಿನ್ನತೆಗೂ ತೂಗಾಡುವ ಕಾಯಿಲೆ) ಇರುವುದನ್ನು ಬರೆದುಕೊಂಡರು. ಅದಕ್ಕೆ ಔಷಧಿ ತಗೊಳ್ಳುತ್ತಿದ್ದರು. ಕಂಟ್ರಿ ಗಾಯಕರು ಕುಡಿತದ ಕಥೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲ. ಮನಸ್ಸಿನ ಕಾಯಿಲೆ ಅಂತ ಹೇಳೋದು ಬೇರೆಯೇ ಮಾತು. ಜಾರಿಕೊಳ್ಳುವ ಸ್ವಭಾವದವರು ಇದನ್ನ ಬರೆಯುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಡಲ್ಲಾಸ್‌ಕನ್ನಡಿಗ

ಕೊನೆಯ ದಿನಗಳ ಬಗ್ಗೆ ಹೇಳಿಬಿಡುತ್ತೇನೆ. 2020ರ ನವೆಂಬರ್ 11ರಂದು ನ್ಯಾಶ್‌ವಿಲ್‌ನಲ್ಲಿ ಅವರಿಗೆ ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟರು. ಕೊರೊನಾ ಜೋರಾಗಿದ್ದ ಸಮಯ. ಸಭಾಂಗಣದ ಒಳಗೇ ಸಮಾರಂಭ, ಅಲ್ಲಿದ್ದ ಎಷ್ಟೋ ಜನರಿಗೆ ಮಾಸ್ಕ್ ಇರಲಿಲ್ಲ. 86 ವರ್ಷದ ಚಾರ್ಲಿ ಯುವ ಕಪ್ಪು ಗಾಯಕ ಜಿಮ್ಮಿ ಆ್ಯಲನ್ ಜೊತೆ ಅದೇ 1971ರ ಹಾಡು ಹಾಡಿದರು. ತಿಂಗಳ ಕೊನೆಗೆ ಆಸ್ಪತ್ರೆ ಸೇರಿದರು. ಡಿಸೆಂಬರ್ 12ರಂದು ಡಲ್ಲಾಸ್‌ನಲ್ಲಿ ಕೋವಿಡ್ ತೊಂದರೆಗಳಿಂದ ತೀರಿಕೊಂಡರು.

ಸಮಾರಂಭದಲ್ಲೇ ಸೋಂಕು ತಗುಲಿತಾ ಅಂತ ಕೆಲವು ಗಾಯಕಿಯರು ಬಹಿರಂಗವಾಗಿ ಕೇಳಿದರು. ಪ್ರಯಾಣಕ್ಕೆ ಮುಂಚೆ, ಅಲ್ಲಿದ್ದಾಗ, ವಾಪಸ್ ಬಂದ ಮೇಲೆ ಎಲ್ಲ ಪರೀಕ್ಷೆಯಲ್ಲೂ ನೆಗೆಟಿವ್ ಬಂದಿತ್ತು ಅಂತ ಆಯೋಜಕರು ಹೇಳಿದರು. ಏನೇ ಇರಲಿ, ಆ ವಯಸ್ಸಿನವರನ್ನು ಅಂಥ ಸಮಯದಲ್ಲಿ ಕರೆಸಬಾರದಿತ್ತು ಅನ್ನೋದು ನನ್ನ ಅಭಿಪ್ರಾಯ. ಪ್ರಶಸ್ತಿ ಹತ್ತು ವರ್ಷ ಮೊದಲೇ ಕೊಡಬಹುದಿತ್ತಲ್ಲ.

ಕಡಲಾಚೆ

ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಬೇಕು? ನನ್ನ ಮಟ್ಟಿಗೆ ಆ ಶಾಂಡಲಿಯರ್ ಹಾಡೇ ಸಾಕು.

ತಂತಿನಾದ

ಹಿಟ್ ಹಾಡುಗಳ ಸಂಗ್ರಹ ಬೇಡ. 1969ರಲ್ಲಿ ಬಂದ 'ಇನ್ ಪರ್ಸನ್' ಆಲ್ಬಮ್ ಹಾಕಿಕೊಳ್ಳಿ. ಟೆಕ್ಸಸ್‌ನ ಫೋರ್ಟ್ ವರ್ತ್ ಊರಿನ ಪ್ಯಾಂಥರ್ ಹಾಲ್‌ನಲ್ಲಿ ಜನರ ಮುಂದೆ ಹಾಡುವಾಗಲೇ ರೆಕಾರ್ಡ್ ಮಾಡಿದ್ದು. ಕಡಲಾಚೆ ಹೇಳಿದ ಹಾಡೂ ಅದರಲ್ಲಿದೆ. ಹಾಡುಗಳ ನಡುವೆ ಜನರನ್ನು ಹೇಗೆ ಮಾತಾಡಿಸುತ್ತಾರೆ, ಹೇಗೆ ನಗಿಸುತ್ತಾರೆ ಕೇಳಿ. ಸಂಪಿಗೆ ಮೇಡಂ, ನೀವಂತೂ ಅದನ್ನೇ ಕೇಳಬೇಕು.

ಸಂಪಿಗೆಮರ

ಭಾನುವಾರ ಕೇಳಿ ಬಂದು ಜಗಳ ಮುಂದುವರಿಸುತ್ತೇನೆ.